ಹದಿನಾಲ್ಕನೇ ಪುಟ

"ಒಬ್ಬಾಕಿನ ಬಂದೀಯೇನ ಬೇ?" ಎನ್ನುತ್ತ ಬಸವಣ್ಣೆವ್ವ ತನ್ನ ಮುಂದಿದ್ದ ಶಾಯಿಯ ಡಬ್ಬಿಯನ್ನು ಬೆರಳ ತುದಿಯಿಂದ ಅತ್ತ ಸರಿಸಿದಳು.

ಹೆಬ್ಬೆಟ್ಟು ಒತ್ತಲು ಮುದುಕಿ ಕೈ ಚಾಚಿದಳೆಂದೇ ಶಗುಫ್ತಾ ತಿಳಿದಿದ್ದಳು. ಡಬ್ಬಿ ಚಾಪೆಯ ಅಂಚಿಗೆ ಹೋಗಿ ನಿಂತಿತು. "ಹೌದ್ರಿ ಆಯಿ, ಒಬ್ಬಾಕಿನ ಬಂದೀನ್ರಿ," ಎಂದಳು, ಏನು ತಪ್ಪಾಯಿತೆಂದು ತಿಳಿಯದೆ.

"ಕೇಳಾಕ ಬರಾವರು ಹಿಂಗ ಒಬ್ಬೊಬ್ಬರ ಬರ್ತಾರೇನ? ಹೆಣ್ಣು ಕೇಳಾಕ ಆಗಲಿ, ಹೊಲಾ ಕೇಳಾಕ ಆಗಲಿ, ಐದು ಮಂದಿ ಇರಬೇಕು. ನಿಮ್ಮಪ್ಪ ಜಹೀರುದ್ದೀನ ಇಷ್ಟೂ ಕಲಿಸಿಲ್ಲೇನ ನಿನಗ?"

ಅಪ್ಪ ಕಲಿಸಿದ್ದ. ಕಂಪನಿ ಬೇರೆ ಕಲಿಸಿತ್ತು. ಸಮುದ್ರದಾಚೆಯ ಕಂಪನಿ ಅದು. ಅದರ ಹೆಸರಿಗೆ ನಾಲಿಗೆ ಹೊರಳದೆ ಕುಬಿಹಾಳದವರು ಪಂಕಾ ಕಂಪನಿ ಎಂದು ಕರೆದು ಕೈತೊಳೆದುಕೊಂಡಿದ್ದರು. ಗಾಳಿಯಿಂದ ಕರೆಂಟು ತೆಗೆಯುವವರಿಗೆ ಅದಕ್ಕಿಂತ ಒಳ್ಳೆಯ ಹೆಸರಾದರೂ ಯಾವುದಿದ್ದೀತು. ಹುಬ್ಬಳ್ಳಿಯ ಹೋಟೆಲೊಂದರ ತಣ್ಣನೆಯ ಕೋಣೆಯಲ್ಲಿ ಅವರು ಮೂರು ದಿನ ಪಾಠ ಮಾಡಿದ್ದರು. ಪ್ರತಿ ರೈತನ ಹತ್ತಿರ ಬೇರೆಬೇರೆಯಾಗಿಯೇ ಮಾತಾಡಬೇಕು. ಇವನಿಗೆ ಹೇಳಿದ ದರ ಅವನ ಕಿವಿಗೆ ಬೀಳಬಾರದು. ಊರಲ್ಲಿ ಯಾರ ಮಾತು ನಡೆಯುತ್ತದೋ ಅವರ ಸಹಿ ಮೊದಲು, ಉಳಿದವರು ತಾವಾಗಿಯೇ ಬರುತ್ತಾರೆ. ಕರಾರಿನ ಮೊದಲ ಪುಟ, ಕೊನೆಯ ಪುಟ ಓದಿ ಹೇಳಿದರೆ ಸಾಕು. ಶಗುಫ್ತಾ ಇದನ್ನೆಲ್ಲ ಪರೀಕ್ಷೆಗೆ ಓದಿದಂತೆ ಓದಿ ಬಾಯಿಪಾಠ ಮಾಡಿದ್ದಳು.

ಮಾಡದೆ ಏನು? ಕೊರಳಲ್ಲಿ ಗುರುತಿನ ಚೀಟಿ ಹಾಕಿಕೊಂಡು, ಕಂಪನಿಯ ಸ್ಕೂಟರಿನ ಮೇಲೆ ಊರಿಂದ ಕೆಲಸಕ್ಕೆ ಹೊರಟ ಮೊದಲ ಹುಡುಗಿ ಅವಳು. ತಾಯಿ ರಾಜಮಾಬಿ ದಿನಾ ಬೆಳಿಗ್ಗೆ ಅವಳ ದುಪಟ್ಟಾಕ್ಕೆ ತಾನೇ ಇಸ್ತ್ರಿ ಮಾಡಿ ಕೊಡುತ್ತಿದ್ದಳು, ಓಣಿ ತಿರುಗುವ ತನಕ ಬಾಗಿಲಲ್ಲಿ ನಿಂತಿರುತ್ತಿದ್ದಳು. ಆರು ತಿಂಗಳು ನೋಡಿ ಕೆಲಸ ಕಾಯಂ ಮಾಡುತ್ತೇವೆ ಎಂದಿದ್ದರು. ಆ ಆರು ತಿಂಗಳು ಬರುವ ಶನಿವಾರಕ್ಕೆ ಮುಗಿಯುತ್ತಿತ್ತು. ಬಸವಣ್ಣೆವ್ವನ ನಾಲ್ಕು ಎಕರೆ ದಿನ್ನೆಯ ಮೇಲಿತ್ತು, ಗಾಳಿ ಜೋರಾಗಿ ಬೀಸುವುದು ಅಲ್ಲೇ. ಆಕೆಯ ಒಂದು ಹೆಬ್ಬೆಟ್ಟು ಬಿದ್ದರೆ ಶಗುಫ್ತಾಳ ಕೆಲಸ ಗಟ್ಟಿ, ಬೀಳದಿದ್ದರೆ ಇಲ್ಲ. ಮೇಲಿನ ಅಧಿಕಾರಿ ಸಿದ್ಧಲಿಂಗ ಇದನ್ನು ಬಿಡಿಸಿಯೇ ಹೇಳಿದ್ದ. "ಆ ಮುದುಕಿ ಕೈಯಾಗ ಹುಟ್ಟಿದ ಮಗಳು ನೀ. ಅದಕ್ಕ ನಿನ್ನ ತಗೊಂಡೀವಿ. ಗಾಳಿ ಬಂದಾಗ ತೂರಿಕೋಬೇಕು."

ಹೌದು, ನಲವತ್ತು ವರ್ಷ ಸೂಲಗಿತ್ತಿಯಾಗಿದ್ದ ಬಸವಣ್ಣೆವ್ವನ ಕೈಗೆ ಬಿದ್ದವರೇ ಊರಲ್ಲಿ ಅರ್ಧ ಮಂದಿ. ಅವಳ ಮಾತನ್ನು ಯಾರು ತೆಗೆದುಹಾಕುತ್ತಾರೆ? ಈಗಲೂ ಬಾಗಿಲಲ್ಲಿ ನಿಂತು ಒಂದು ಕೂಗು ಹಾಕಿದಳು ನೋಡಿ, ಎದುರುಮನೆಯ ಭರಮಪ್ಪ, ಅವನ ಹೆಂಡತಿ ಮಲ್ಲಕ್ಕ, ಹಿಟ್ಟಿನ ಗಿರಣಿಯ ಸಾಧಿಕ್ ಮೂವರೂ ಬಂದು ಚಾಪೆಯ ಮೇಲೆ ಕೂತರು. ಸಾಧಿಕನ ರೆಪ್ಪೆಯ ಮೇಲೆ ಇನ್ನೂ ಹಿಟ್ಟಿತ್ತು.

"ನೀನು, ನಾನು, ಇವರು ಮೂವರು. ಐದಾತಿಲ್ಲೋ? ಈಗ ಕೇಳು," ಎಂದಳು ಬಸವಣ್ಣೆವ್ವ.

ಬೇರೆಬೇರೆಯಾಗಿ ಮಾತಾಡಬೇಕೆಂಬ ಪಾಠ ಅಲ್ಲಿಗೆ ಮಣ್ಣುಪಾಲಾಯಿತು. ಶಗುಫ್ತಾ ಮೊದಲ ಪುಟ ಓದಿದಳು. ಇಪ್ಪತ್ತೊಂಬತ್ತು ವರ್ಷದ ಕರಾರು, ವರ್ಷಕ್ಕಿಷ್ಟು ಬಾಡಿಗೆ. ದರ ಕೇಳಿದ್ದೇ ಭರಮಪ್ಪ ಹೆಂಡತಿಯ ಮುಖ ನೋಡಿದ. ಅವನಿಗೆ ಹೇಳಿದ್ದು ಇದಕ್ಕಿಂತ ಕಡಿಮೆ. ಶಗುಫ್ತಾ ಕಣ್ಣೆತ್ತದೆ ಕೊನೆಯ ಪುಟಕ್ಕೆ ಹಾರಿದಳು.

ಒಳಗಿನಿಂದ ಅನ್ನಪೂರ್ಣಾ ಚಹಾ ತಂದಳು. ಬಸವಣ್ಣೆವ್ವನ ಒಬ್ಬಳೇ ಮಗಳು, ಐವತ್ತರ ಹತ್ತಿರದವಳು. ಅವಳನ್ನು ನವಲಗುಂದದ ಕಡೆ ಕೊಟ್ಟಿದ್ದರು. ಆ ವರನಿಗೆ ಮೊದಲೇ ಒಂದು ಸಂಸಾರವಿತ್ತು. ನಡುವೆ ನಿಂತು ಸಂಬಂಧ ಕುದುರಿಸಿದವಳಿಗೆ ಅದು ಗೊತ್ತಿತ್ತು, ಅವಳು ಬಾಯಿ ಬಿಡಲಿಲ್ಲ. ಒಂದೂವರೆ ವರ್ಷಕ್ಕೆ ಅನ್ನಪೂರ್ಣಾ ಒಂದು ಟ್ರಂಕು ಹಿಡಿದು ತಿರುಗಿ ಬಂದಳು. ಅಂದಿನಿಂದ ಆ ದಿನ್ನೆಯ ಹೊಲವನ್ನು ನೋಡಿಕೊಳ್ಳುವವಳು ಅವಳೇ. ತಾಯಿಯ ಕಾಲದ ನಂತರ ಅದೇ ಅವಳ ಅನ್ನ. ಚಹಾ ಕೊಟ್ಟವಳು ಒಳಗೆ ಹೋಗದೆ ಹೊಸ್ತಿಲಲ್ಲೇ ಕೂತಳು.

"ಹಣದ್ದು ಆತು. ಮನಿತನದ್ದು ಹೇಳು," ಎಂದಳು ಬಸವಣ್ಣೆವ್ವ. "ಇಪ್ಪತ್ತೊಂಬತ್ತು ವರ್ಷ ಅಂದರ ನಾ ಇರೂದಿಲ್ಲ. ನನ್ನ ಅನ್ನಪೂರ್ಣಾ ಇರ್ತಾಳ. ಇವತ್ತು ಕೇಳಾಕ ಬಂದಾವರು ಅವತ್ತೂ ಇರ್ತಾರೇನ?"

ಇರ್ತಾರ್ರಿ ಎಂದರೆ ಮುಗಿಯುತ್ತಿತ್ತು. ಮೂರು ಅಕ್ಷರದ ಮಾತು. ಶನಿವಾರ ಕಾಯಂ ಪತ್ರ ಕೈಗೆ ಬರುತ್ತಿತ್ತು, ಅಮ್ಮ ಓಣಿಗೆಲ್ಲ ಸಕ್ಕರೆ ಹಂಚುತ್ತಿದ್ದಳು. ಶಗುಫ್ತಾ ಹೊಸ್ತಿಲ ಕಡೆ ನೋಡಬಾರದೆಂದುಕೊಂಡಳು, ನೋಡಿಬಿಟ್ಟಳು. ಅನ್ನಪೂರ್ಣಾ ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಕೂತಿದ್ದಳು.

"ಆಯಿ, ಇನ್ನೊಂದು ಪುಟ ಐತ್ರಿ. ಹದಿನಾಲ್ಕನೇದು," ಎಂದಳು ಶಗುಫ್ತಾ. ಕಟ್ಟು ತಿರುವಿ ಆ ಹಾಳೆ ತೆಗೆದಳು. ಒಂದೊಂದೇ ಪದ ಬಿಡಿಸಿ ಓದಿದಳು. "ಕಂಪನಿಯು ಈ ಕರಾರಿನ ತನ್ನ ಎಲ್ಲ ಹಕ್ಕುಗಳನ್ನು, ಜಮೀನಿನ ಮಾಲೀಕರ ಒಪ್ಪಿಗೆ ಇಲ್ಲದೆಯೂ, ಬೇರೆ ಯಾರಿಗಾದರೂ ವರ್ಗಾಯಿಸಬಹುದು."

"ನಮ್ಮ ಮಾತಿನಾಗ ಹೇಳವ್ವ," ಎಂದಳು ಮಲ್ಲಕ್ಕ.

"ಇವರು ಇಲ್ಲೇ ನಿಂದ್ರೂ ಮಂದಿ ಅಲ್ರಿ. ಪಂಕಾ ನಿಂದರಸ್ತಾರ, ಎರಡು ಮೂರು ವರ್ಷ ತಿರುಗಸ್ತಾರ. ಒಳ್ಳೆ ಬೆಲಿ ಬಂತಂದ್ರ ಪಂಕಾ, ಹೊಲದ ಕರಾರು ಎಲ್ಲಾ ಕೂಡೇ ಇನ್ನೊಂದು ದೇಶದಾವರಿಗೆ ಮಾರಿ ಹೋಗ್ತಾರ. ಆ ರೊಕ್ಕದಾಗ ಮತ್ತೊಂದು ಊರಾಗ ಕಟ್ತಾರ. ಅವರ ದಂಧೇನ ಇದು. ಆಮ್ಯಾಲ ಬರಾವರು ಯಾರು, ಎಂಥಾವರು, ನನಗೂ ಗೊತ್ತಿಲ್ರಿ."

ಭರಮಪ್ಪ ಗಂಟಲು ಸರಿಮಾಡಿಕೊಂಡ. "ಯಾರ ಇದ್ದರೇನು, ಬಾಡಿಗಿ ಬಂದರಾತು. ಕೊಟ್ಟ ಹೆಣ್ಣು ಕುಲಕ್ಕ ಹೊರಗು ಅಂತ ಹಿರಿಯಾರು..." ಎಂದವನು ಹೊಸ್ತಿಲ ಕಡೆ ನೋಡಿ ಅಲ್ಲಿಗೇ ನಿಲ್ಲಿಸಿ, ಖಾಲಿ ಲೋಟವನ್ನೇ ಬಾಯಿಗೆ ಹಿಡಿದ. ಮಲ್ಲಕ್ಕ ಅವನ ಮೊಣಕಾಲಿಗೆ ಒಂದು ತಿವಿದಳು.

ಬಸವಣ್ಣೆವ್ವ ಕಾಗದದ ಕಟ್ಟನ್ನು ನೀಟಾಗಿ ಜೋಡಿಸಿ ಶಗುಫ್ತಾಳ ಕೈಗಿತ್ತಳು. "ನಿಮ್ಮಾವರಿಗೆ ಹೇಳು. ಮಾರೂದಾದ್ರ ಮೊದಲ ಈ ಬಾಗಿಲಿಗೆ ಬಂದು ಕೇಳ್ತೀವಿ ಅಂತ ಬರಕೊಂಡು ಬರ್ರಿ ಅನ್ನು. ಬರೀಲಿಕ್ಕಾಗೂದಿಲ್ಲ ಅಂದ್ರ ನಮ್ಮ ಗಾಳಿ ನಮಗಿರಲಿ. ಈ ಮಾತಿಗೆ ನಿನಗ ತ್ರಾಸ ಆಕ್ಕೈತೇನ ಯವ್ವಾ?"

"ಆಕ್ಕೈತ್ರಿ," ಎಂದಳು ಶಗುಫ್ತಾ. ಸುಳ್ಳು ಹೇಳುವ ಶಕ್ತಿ ಅವಳಲ್ಲಿ ಉಳಿದಿರಲಿಲ್ಲ. ಕಣ್ಣು ತುಂಬಿ ಬಂದಿತ್ತು.

"ಹುಟ್ಟುವಾಗೂ ಹಂಗ, ಕಾಲು ಮುಂದ ಮಾಡಿ ಬಂದಾಕಿ ನೀ," ಎಂದು ಮುದುಕಿ ಅವಳ ಗಲ್ಲ ಸವರಿ ನೆಟಿಗೆ ಮುರಿದಳು. "ಅವತ್ತು ನಿಮ್ಮವ್ವನ್ನೂ ಹೆದರಿಸಿದಿ, ನನ್ನೂ ಹೆದರಿಸಿದಿ. ಬಾ, ಉಡಿ ಒಡ್ಡು. ಕೇಳಾಕ ಬಂದಾಕಿನ್ನ ಬರಿಗೈಲೆ ಕಳಸಬಾರದು."

ಶಗುಫ್ತಾ ದುಪಟ್ಟಾ ಒಡ್ಡಿದಳು. ಒಂದು ಕುಪ್ಪಸದ ಖಣ, ಒಂದು ತೆಂಗಿನಕಾಯಿ, ಆ ದಿನ್ನೆಯ ಹೊಲದ್ದೇ ಐದು ಹಿಡಿ ಬಿಳಿಜೋಳ ಬಿದ್ದವು.

ಹೊರಗೆ ಬಂದಾಗ ಬಿಸಿಲು ಇಳಿದಿತ್ತು. ಸ್ಕೂಟರಿನ ಹತ್ತಿರ ಹೋಗುವಷ್ಟರಲ್ಲಿ ಸಿದ್ಧಲಿಂಗನ ಫೋನು ಬಂತು.

"ಆತೇನ?"

"ಇಲ್ರಿ ಸರ್. ಹದಿನಾಲ್ಕನೇ ಪುಟ ಓದಿದೆ."

"ಎಂಥಾ ಕೆಲಸ ಮಾಡಿದಿ ತಂಗಿ," ಎಂದ ಸಿದ್ಧಲಿಂಗ. ಬೈದಂತೆ ಇರಲಿಲ್ಲ, ದಣಿದಂತಿತ್ತು. "ಶನಿವಾರ ಆಫೀಸಿಗೆ ಬಾ. ಗಾಡಿ ಕೀಲಿ, ಗುರುತಿನ ಚೀಟಿ ಎರಡೂ ತಗೊಂಡು ಬಾ."

ಅಮ್ಮನಿಗೆ ಏನು ಹೇಳುವುದೆಂದು ಯೋಚಿಸುತ್ತ ಶಗುಫ್ತಾ ಅಲ್ಲೇ ನಿಂತಳು. ಹಿಂದಿನಿಂದ ಯಾರೋ ಲಗುಬಗೆಯಿಂದ ಬರುವ ಸದ್ದಾಯಿತು. ಅನ್ನಪೂರ್ಣಾ. ಮರೆತುಬಂದಿದ್ದ ಶಾಯಿಯ ಡಬ್ಬಿ ಅವಳ ಕೈಯಲ್ಲಿತ್ತು. ಅದನ್ನು ಕೊಟ್ಟು ತಿರುಗಿ ಹೊರಟವಳು ಎರಡು ಹೆಜ್ಜೆಗೆ ನಿಂತಳು.

"ಶಗುಫ್ತಾ," ಎಂದಳು, ಮುಖ ಬೇರೆ ಕಡೆ ಮಾಡಿ. "ನನ್ನ ಲಗ್ನದ ವ್ಯಾಳ್ಯಾಕ್ಕ ನೀ ಹುಟ್ಟಿರಬೇಕಿತ್ತ ಬೇ."

ಉತ್ತರಕ್ಕೆ ಕಾಯದೆ ಹತ್ತಿರ ಬಂದು, ಶಗುಫ್ತಾ ಜೋಳ ಕಟ್ಟಿಕೊಂಡಿದ್ದ ದುಪಟ್ಟಾದ ಸಡಿಲ ಗಂಟನ್ನು ಬಿಚ್ಚಿ ಮತ್ತೆ ಬಿಗಿಯಾಗಿ ಕಟ್ಟಿದಳು. ದಿನ್ನೆಯ ಕಡೆಯಿಂದ ಗಾಳಿ ಎದ್ದಿತ್ತು. ಶಗುಫ್ತಾ ಸ್ಕೂಟರ್ ಏರಲಿಲ್ಲ. ಒಂದು ಕೈಯಲ್ಲಿ ಅದನ್ನು ನೂಕುತ್ತ, ಇನ್ನೊಂದು ಕೈಯಲ್ಲಿ ಜೋಳದ ಗಂಟು ಹಿಡಿದುಕೊಂಡು, ಒಂದು ಕಾಳೂ ಚೆಲ್ಲದಂತೆ ಮನೆಯ ಓಣಿಯ ಕಡೆ ನಡೆದಳು.