ನೊಂದ ತಾಯಿಯೊಬ್ಬಳ ಪತ್ರ

ನಮ್ಮ ಪಂಕ್ ಸಂಗೀತ ತಂಡದ ಹೆಸರು ‘ಹುಳುಕು ಹಲ್ಲು’. ಒಂದೂರಲ್ಲಿ ಎರಡು ದಿನ ನೆಟ್ಟಗೆ ನಿಂತವರಲ್ಲ. ಮೂರು ವರ್ಷದಲ್ಲಿ ಹನ್ನೊಂದು ಮೇಯರ್‌ಗಳು ನಮ್ಮನ್ನು ನಿಷೇಧಿಸಿದ್ದರು. ನಿಷೇಧದ ಸುದ್ದಿ ಪತ್ರಿಕೆಯಲ್ಲಿ ಬಂದರೆ ಸಾಕು, ಮುಂದಿನೂರಲ್ಲಿ ಜನ ಕಿಕ್ಕಿರಿಯುತ್ತಿದ್ದರು. ಹಾಡುಗಾರ ಗಯೆಟಾನ್ ಆ ಸುದ್ದಿಗಳನ್ನು ಕತ್ತರಿಸಿ ಚರ್ಮದ ಜಾಕೆಟ್ಟಿನ ಒಳಜೇಬಿನಲ್ಲಿ ಇಟ್ಟುಕೊಳ್ಳುತ್ತಿದ್ದ. ಶ್ರುತಿಯ ಗಂಧಗಾಳಿ ಇಲ್ಲದವನಿಗೆ ಇದ್ದ ಹೆಮ್ಮೆ ಅದೊಂದೇ.

"ನೋಡೇ ಒದಿಲ್, ಇಡೀ ಫ್ರಾನ್ಸ್ ನನ್ನ ಕಂಡ್ರೆ ನಡುಗುತ್ತೆ," ಅನ್ನುತ್ತಿದ್ದ ನನಗೆ.

ನಡುಗಿಸಿದವಳು ನಾನು, ಅವನ ಹಿಂದೆ ಕೂತು ಡ್ರಮ್ ಬಾರಿಸುವವಳು. ಮೇಯರ್‌ಗೆ ಹೆಸರಿಲ್ಲದ ಪತ್ರ ಬರೆಯುವುದು ನಮ್ಮ ಜನರ ಹಳೇ ಚಟ. ಪಕ್ಕದ ಮನೆ ಹುಂಜ ಬೇಗ ಕೂಗಿದರೂ ಒಂದು ಪತ್ರ ಹೋಗುತ್ತದೆ. ಪ್ರತಿ ಕಾರ್ಯಕ್ರಮಕ್ಕೂ ಮುಂಚೆ ನಾನೂ ಒಂದು ಹಾಕುತ್ತಿದ್ದೆ, ಕೆಳಗೆ ‘ನೊಂದ ತಾಯಿ’ ಎಂದು. ಗಯೆಟಾನ್‌ಗೆ ತಿಳಿದರೆ ತಂಡ ಅಂದೇ ಮುಗಿದಂತೆ, ಅದು ನನಗೆ ಗೊತ್ತಿತ್ತು.

ಎಪ್ಪತ್ತೊಂಬತ್ತರ ಮೇ ತಿಂಗಳಲ್ಲಿ ಅವನ ಹುಟ್ಟೂರಿನ ಸರದಿ. ಹುರುಪಿನಲ್ಲಿ ಮನಸ್ಸಿಗೆ ಬಂದದ್ದೆಲ್ಲ ಪತ್ರದಲ್ಲಿ ಬರೆದೆ. ನಿಷೇಧದ ಬದಲು ಆಹ್ವಾನ ಬಂತು: ಭಾನುವಾರ ಮಧ್ಯಾಹ್ನ, ಪುರಸಭೆಯ ಸಭಾಂಗಣ, ಮೊದಲು ಎಲ್ಲರಿಗೂ ವೈನ್.

ಮೇಯರ್ ವೊಕ್ಲಾಂ ಒಂದು ಕಾಲಕ್ಕೆ ಗಯೆಟಾನ್‌ಗೆ ಅಕ್ಷರ ಕಲಿಸಿದ ಮೇಷ್ಟ್ರು. ಮೇಯರ್‌ಗಿರಿಯ ಮೂರು ಬಣ್ಣದ ಪಟ್ಟಿ ಹೆಗಲಿಗೆ ಹಾಕಿಕೊಂಡು, ನನ್ನ ಪತ್ರ ಹಿಡಿದು ವೇದಿಕೆ ಹತ್ತಿದರು.

"ಯಾರೋ ತಾಯಿ ಇವನನ್ನ ಹಾಡಕ್ಕೆ ಬಿಡಬೇಡಿ ಅಂತಾಳೆ. ಕೇಳಿ: ‘ಆರನೇ ವಯಸ್ಸಿಗೇ ಚರ್ಚಿನ ಪವಿತ್ರ ಜಲದಲ್ಲಿ ಉಚ್ಚೆ ಹೊಯ್ದ ಪಾಪಿ.’ ಪಾಪ, ಮಗು ಕಣಮ್ಮ ಅದು."

ಸಭೆಯೆಲ್ಲ ನಕ್ಕಿತು. ಗಯೆಟಾನ್ ನಗಲಿಲ್ಲ. ಆ ವಿಷಯ ಅವನು ಜನ್ಮದಲ್ಲಿ ಹೇಳಿದ್ದು ನನಗೊಬ್ಬಳಿಗೆ. ಅದನ್ನು ಬರೆದ ನನ್ನ ಕೈಗೆ ಬೆಂಕಿ ಬೀಳ.

ಅವನು ಜೇಬಿನಿಂದ ಪತ್ರಿಕೆಯ ತುಣುಕುಗಳನ್ನು ತೆಗೆದು ನನ್ನ ಮುಂದೆ ಹಿಡಿದ.

"ಇವೂ ನೀನೇನಾ?"

"ಹೂಂ."

"ಹನ್ನೊಂದೂ?"

"ಹನ್ನೊಂದೂ ಕಣೋ."

"ಹಾಗಾದ್ರೆ ನಮ್ಮನ್ನ ನಿಜವಾಗ್ಲೂ ಯಾರೂ ಬೈದೇ ಇಲ್ವಾ?"

ಅವನು ತಿರುಗಿ ಮೈಕ್ ಹಿಡಿದು, ಮೇಯರ್‌ಗಳನ್ನೇ ಹೀನಾಮಾನ ಬೈಯುವ ನಮ್ಮ ಅತಿ ಹೊಲಸು ಹಾಡನ್ನು ಗಂಟಲು ಹರಿಯುವಂತೆ ಕೂಗಿದ. ಮುಂದಿನ ಸಾಲಿನ ಅಜ್ಜಿಯರು ಚಪ್ಪಾಳೆಯಲ್ಲಿ ತಾಳ ಹಾಕಿದರು.

"ಇನ್ನೊಂದ್ಸಲ ಹಾಡು ಮಗಾ," ಅಂದರು ಮೇಯರ್.

ಗಯೆಟಾನ್ ಜಾಕೆಟ್ ಬಿಚ್ಚಿ ನನ್ನ ಡ್ರಮ್ಮಿನ ಮೇಲಿಟ್ಟು, ಅಜ್ಜಿಯರ ನಡುವೆ ಜಾಗ ಮಾಡಿಕೊಂಡು ಹೊರಗೆ ನಡೆದುಬಿಟ್ಟ.

ಮುಂದಿನ ವಾರ ಅವನಿಗೊಂದು ಪತ್ರ ಬರೆದೆ. ಈ ಸಲ ಕೆಳಗೆ ನನ್ನ ಹೆಸರೇ ಹಾಕಿದೆ. ಉತ್ತರ ಬರಲಿಲ್ಲ.