ಹನ್ನೊಂದು ಗಂಟೆಯ ಪಾಠ

“ಆ ಮೈಕ್ ಟೇಬಲ್ ಮ್ಯಾಲ ಇಟ್ಟು ಅತ್ಲಾಗ ಸರಿ. ನೀ ಹಚ್ಚಬ್ಯಾಡ.”

ಹುಲುಗೇಶ್ ಕಾಲರ್ ಮೈಕನ್ನು ಸ್ಟುಡಿಯೋದ ಟೇಬಲ್ಲಿನ ಮೇಲಿಟ್ಟು ಎರಡು ಹೆಜ್ಜೆ ಹಿಂದೆ ಸರಿದ. ಡಾ. ಬಸವಕುಮಾರ್ ಕಾಗದದ ತುಂಡಿನಿಂದ ಮೈಕನ್ನು ಎರಡು ಸಲ ಒರೆಸಿ, ಕಾಗದವನ್ನು ಅಲ್ಲೇ ನೆಲಕ್ಕೆ ಹಾಕಿ, ಬಾಗಿಲ ಬಳಿ ನಿಂತಿದ್ದ ಲಿಂಗರಾಜನನ್ನು ಕರೆದರು. ಲಿಂಗರಾಜ್ ಹೊರಗುತ್ತಿಗೆ ನೌಕರರ ಸೂಪರ್‌ವೈಸರ್. ಹಾಜರಿ ನೋಡುವವನು, ಮೈಕ್ ಹಿಡಿದವನಲ್ಲ. ಅವನು ಅದನ್ನು ಸಾಹೇಬರ ಅಂಗಿಗೆ ತಲೆಕೆಳಗಾಗಿ ಸಿಕ್ಕಿಸಿದ.

“ಉಲ್ಟಾ ಆತ್ರಿ ಅದು,” ಎಂದ ಹುಲುಗೇಶ್.

“ಗೊತ್ತೈತಿ. ನಿನ್ನ ಕೆಲಸ ನೋಡು.”

ಹೊಸಪೇಟೆಯಿಂದ ಸಂಡೂರಿಗೆ ಹೋಗುವ ರಸ್ತೆಯಲ್ಲಿ, ಅದಿರಿನ ಲಾರಿಗಳ ಕೆಂಪು ಧೂಳು ಕೂತು ಕೂತು ಗೋಡೆಯ ಬಣ್ಣವೇ ಮರೆತುಹೋದ ವಿಶ್ವವಿದ್ಯಾಲಯ ಅದು. ಬಸವಕುಮಾರ್ ಅಲ್ಲಿನ ಆನ್‌ಲೈನ್ ಕಲಿಕಾ ಕೇಂದ್ರದ ನಿರ್ದೇಶಕರು, ಕಂಪ್ಲಿಯ ರೈಸ್‌ಮಿಲ್ ಮನೆತನದವರು. ಎಂ.ಸಿ.ಎ. ಮಾಡಿದ ಹುಲುಗೇಶ್ ಆ ಕೇಂದ್ರದಲ್ಲಿ ಐದು ವರ್ಷದಿಂದ ದುಡಿಯುತ್ತಿದ್ದ. ಪ್ರಾಧ್ಯಾಪಕರಿಗೆ ಲಿಂಕ್ ತೆರೆಯುವುದನ್ನು ಫೋನಿನಲ್ಲಿ ಹೇಳಿಕೊಡುವವನು ಅವನು. ಅವರ ಪಾಠ ರೆಕಾರ್ಡ್ ಮಾಡಿ, ಕೆಮ್ಮು ತೊದಲು ಕತ್ತರಿಸಿ, ಸ್ಲೈಡ್ ಕೂಡಿಸಿ, ಕಾಲೇಜುಗಳಿಗೆ ಕಳಿಸುವವನೂ ಅವನೇ. ಕೊರಳಿನ ಕಾರ್ಡಿನಲ್ಲಿ ಮಾತ್ರ ‘ಸಹಾಯಕ’ ಎಂದಿತ್ತು.

ಅವತ್ತು ಹನ್ನೊಂದು ಗಂಟೆಗೆ ಸಂವಿಧಾನದ ಹೊಸ ಕೋರ್ಸಿನ ಉದ್ಘಾಟನೆ. ಕುಲಪತಿಗಳು ದೀಪ ಹಚ್ಚಬೇಕು, ಬಸವಕುಮಾರ್ ಮೊದಲ ಪಾಠ ಮಾಡಬೇಕು, ನಲವತ್ತು ಕಾಲೇಜುಗಳ ವಿದ್ಯಾರ್ಥಿಗಳು ತಮ್ಮ ತಮ್ಮ ಕಡೆ ಕೂತು ನೇರಪ್ರಸಾರದಲ್ಲಿ ನೋಡಬೇಕು. ಪಾಠ ಬರೆದವನು ಹುಲುಗೇಶ್. ಬಸವಕುಮಾರ್ ಸ್ಲೈಡುಗಳನ್ನು ಒಂದೊಂದಾಗಿ ಸರಿಸಿ ನೋಡುತ್ತ ಒಂದರಲ್ಲಿ ನಿಂತರು. ಅಸ್ಪೃಶ್ಯತೆಯ ನಿಷೇಧ ಎಂದು ಅದರಲ್ಲಿ ದೊಡ್ಡ ಅಕ್ಷರದಲ್ಲಿತ್ತು.

“ಇದನ್ನ ತೆಗಿ. ಉದ್ಘಾಟನೆ ದಿನ ಇಂಥಾ ಹೊಲಸು ಮಾತು ಯಾಕ?”

ಹುಲುಗೇಶ್ ತೆಗೆದ.

ಅಷ್ಟರಲ್ಲಿ ನಾತ ಬಂತು. ಸ್ಟುಡಿಯೋದ ಹಿಂದಿನ ಶೌಚಾಲಯದ ಚೇಂಬರ್ ಗುಂಡಿ ಮೂರು ದಿನದಿಂದ ಕಟ್ಟಿಕೊಂಡಿತ್ತು. ಈಗ ಅದು ಉಕ್ಕಿ, ಬಾಗಿಲ ಸಂದಿಯಿಂದ ಕಪ್ಪು ನೀರಾಗಿ ಒಳಗೆ ಹರಿದು, ಸಾಹೇಬರ ಬೆನ್ನ ಹಿಂದೆ ಕಟ್ಟಿದ್ದ ಹಸಿರು ಬಟ್ಟೆಯ ಅಂಚನ್ನು ತೋಯಿಸತೊಡಗಿತು. ನೀರಿನ ಮೇಲೆ ಒಂದು ಗುಟ್ಕಾ ಚೀಟಿ ತೇಲುತ್ತ ಬಂದು ಬಸವಕುಮಾರರ ಬೂಟಿಗೆ ತಾಗಿ ನಿಂತಿತು. ಅವರು ಕುರ್ಚಿಯ ಮೇಲೆ ಕಾಲೆತ್ತಿಕೊಂಡರು.

“ನಗರಸಭೆ ಗಾಡಿ ಮಧ್ಯಾಹ್ನ ಬರ್ತೈತಂತ್ರಿ,” ಎಂದ ಲಿಂಗರಾಜ್.

“ಮಧ್ಯಾಹ್ನ ನನ್ನ ತಿಥಿ ಊಟಕ್ಕ ಬರ್ತೈತೇನಲೇ? ಕುಲಪತಿಗಳು ಇನ್ನೊಂದು ತಾಸಿಗೆ ಇಲ್ಲಿರ್ತಾರ.” ಬಸವಕುಮಾರ್ ಹುಲುಗೇಶನ ಕಡೆ ತಿರುಗಿದರು. “ಹುಲುಗ್ಯಾ, ನೀ ಒಂದಿಷ್ಟು ಇಳದು ನೋಡ್ತೀಯೇನು? ಅರ್ಧ ತಾಸಿನ ಕೆಲಸ.”

“ನಾ ಕ್ಯಾಮರಾ ನೋಡಬೇಕ್ರಿ ಸಾರ್.”

“ಕ್ಯಾಮರಾ ಎಲ್ಲಿಗೂ ಓಡಿಹೋಗಂಗಿಲ್ಲ. ನಿಮಗಾದ್ರ ರೂಢಿ ಇರ್ತೈತಿ ಅಂತ ಕೇಳಿದೆ.”

“ರೂಢಿ ಇಲ್ರಿ. ಲಿಂಗರಾಜಪ್ಪಗ ಎಷ್ಟೈತೋ ನನಗೂ ಅಷ್ಟ ಐತಿ.”

ಲಿಂಗರಾಜನ ಮುಖ ಕೆಂಪಾಯಿತು. ಬಸವಕುಮಾರ್ ಅವನ ಕಡೆ ತಿರುಗಿದರು.

“ನಾಲ್ಕಕ್ಷರ ಬಂದ ಕೂಡ್ಲೇ ಇವರಿಗೆ ಮಾತು ಹೆಚ್ಚಾಗ್ತಾವ. ಲಿಂಗರಾಜ, ಹೋಗಿ ಆ ದುರ್ಗಿನ್ನ ಕರಿ.”

ದುರ್ಗಕ್ಕ ಹುಲುಗೇಶನ ತಾಯಿ. ಅದೇ ಕಟ್ಟಡದಲ್ಲಿ ಹನ್ನೊಂದು ವರ್ಷದಿಂದ ಕಸ ಗುಡಿಸುತ್ತಿದ್ದಳು. ಕಮಲಾಪುರದಿಂದ ಇಬ್ಬರೂ ಒಂದೇ ಬಸ್ಸಿಗೆ ಬರುತ್ತಿದ್ದರು. ಗೇಟಿನೊಳಗೆ ಕಾಲಿಟ್ಟ ಮೇಲೆ ಅವಳು ಮಗನೊಂದಿಗೆ ಮಾತಾಡುತ್ತಿರಲಿಲ್ಲ. ವರಾಂಡದಲ್ಲಿ ಅವನು ಎದುರಾದರೆ ಬೇರೆ ಸಾಹೇಬರಿಗೆ ಮಾಡುವಂತೆಯೇ ಪೊರಕೆ ಬದಿಗೆಳೆದು ಗೋಡೆಗೆ ಸರಿದು ನಿಲ್ಲುತ್ತಿದ್ದಳು. ಹಾಗೆ ಮಾಡಬೇಡವೆಂದು ಅವನು ಎಷ್ಟೋ ಸಲ ಹೇಳಿದ್ದ. “ನಾಲ್ಕು ಮಂದಿ ಮುಂದ ನಿನಗ ಮರ್ಯಾದಿ ಇರಲಿ ಬಿಡಪ,” ಎನ್ನುತ್ತಿದ್ದಳು.

“ಸಾರ್, ಮನುಷ್ಯರನ್ನ ಇಳಿಸೂದು ಅಪರಾಧ ಐತ್ರಿ. ಕಾಯ್ದೆ ಐತಿ.”

“ಕಾಯ್ದೆ ಪಾಠ ಹೇಳಾಂವ ನಾನಲೇ, ನನಗ ಕಲಿಸ್ತೀಯೇನು? ಇಳಿ ಅಂತ ಯಾರು ಅಂದ್ರು? ದಂಡಿ ಮ್ಯಾಲ ನಿಂತು ಕೋಲು ಹಾಕ್ತಾಳ. ಹೋಗು, ಲೈಟ್ ಹಚ್ಚು.”

ಹುಲುಗೇಶ್ ಲೈಟ್ ಹಚ್ಚಿದ. ನೆಲ ಒರೆಸಿದವನೂ ಅವನೇ. ಕೋಣೆ ತುಂಬ ಊದುಬತ್ತಿ ಹಚ್ಚಿಟ್ಟರು. ನಾತಕ್ಕೆ ಊದುಬತ್ತಿಯ ವಾಸನೆ ಕೂಡಿ ಇನ್ನೂ ಅಸಹ್ಯವಾಯಿತು. ಹನ್ನೊಂದಕ್ಕೆ ಕುಲಪತಿಗಳು ಬಂದರು, ಸುಗಂಧರಾಜದ ಹಾರ ಹಾಕಿಸಿಕೊಂಡರು, ದೀಪ ಹಚ್ಚಿದರು. ಮೂಗನ್ನು ಎರಡು ಸಲ ಉಜ್ಜಿಕೊಂಡರು. ಬಸವಕುಮಾರ್ ಕ್ಯಾಮರಾದ ಮುಂದೆ ಕೂತು, ಪಕ್ಕದಲ್ಲಿ ಬೇರೆಯಾಗಿ ನಿಲ್ಲಿಸಿದ್ದ ಗಾಜಿನ ಮೇಲೆ ಮೂಡುತ್ತಿದ್ದ ಸಾಲುಗಳನ್ನು ಓದತೊಡಗಿದರು.

“ನಮ್ಮ ಸಂವಿಧಾನವು ಪ್ರತಿಯೊಬ್ಬ ಪ್ರಜೆಗೂ ಘನತೆಯ ಬದುಕನ್ನು…”

ಹುಲುಗೇಶನ ಕಿವಿಯ ಹೆಡ್‌ಫೋನಿನಲ್ಲಿ ರಮಾಳ ದನಿ ಬಂತು. ಅವಳು ಪಕ್ಕದ ಕಂಟ್ರೋಲ್ ರೂಮಿನಲ್ಲಿ ಕಂಪ್ಯೂಟರ್ ನೋಡುವವಳು, ಅವನಂತೆಯೇ ಗುತ್ತಿಗೆಯವಳು. ಅವಳ ಕೋಣೆಗೆ ಹಿತ್ತಲ ಕಡೆ ಒಂದು ಕಿಟಕಿ ಇತ್ತು.

“ಹುಲುಗೇಶಣ್ಣ, ನಿಮ್ಮವ್ವನ್ನ ಒಳಗ ಇಳಿಸ್ಯಾರ. ಎದಿಮಟ ಅದಾಳ.”

ಹುಲುಗೇಶ್ ನೆಲ ನೋಡಿದ. ಬಾಗಿಲ ಸಂದಿಯಲ್ಲಿ ಉಳಿದಿದ್ದ ಕಪ್ಪು ನೀರು ನಿಧಾನಕ್ಕೆ ಹಿಂದಕ್ಕೆ ಹೋಗುತ್ತಿತ್ತು.

ಕ್ಯಾಮರಾಕ್ಕೂ ಹೆಡ್‌ಫೋನಿಗೂ ವೈರಿರಲಿಲ್ಲ, ಕ್ಯಾಮರಾದಲ್ಲೇ ಇನ್ನೊಂದು ಮೈಕಿತ್ತು. ಬಸವಕುಮಾರ್ ಗಾಜಿನ ಮೇಲಿನ ಸಾಲುಗಳಿಂದ ಕಣ್ಣು ಕೀಳದೆ ಓದುತ್ತಿದ್ದಾಗಲೇ ಅವನು ಅದನ್ನು ಸ್ಟ್ಯಾಂಡಿನಿಂದ ಬಿಚ್ಚಿ ಹೆಗಲಿಗೇರಿಸಿಕೊಂಡ. ನಲವತ್ತು ಕಾಲೇಜುಗಳ ಪರದೆಯ ಮೇಲೆ ಮೊದಲು ಬಾಗಿಲು ಬಂತು, ಆಮೇಲೆ ವರಾಂಡ, ಮೆಟ್ಟಿಲು, ಕಸದ ತೊಟ್ಟಿ, ಜಾಲಿ ಗಿಡ.

ಲಿಂಗರಾಜ್ ಬೇವಿನ ನೆರಳಲ್ಲಿ ಬಕೆಟ್ ಬೋರಲು ಹಾಕಿ ಕೂತು ಮೊಬೈಲ್ ನೋಡುತ್ತಿದ್ದ. ದುರ್ಗಕ್ಕ ಚೇಂಬರಿನೊಳಗಿದ್ದಳು. ಮೂಗು ಬಾಯಿಗೆ ಸೆರಗು ಬಿಗಿದಿದ್ದಳು. ತೋಳು ಭುಜದವರೆಗೂ ಒಂದೇ ಬಣ್ಣವಾಗಿತ್ತು. ಕೈ ಒಳಗೆ ಹಾಕಿ ಎಳೆಯುತ್ತಿದ್ದಳು. ಬಟ್ಟೆಯ ಚಿಂದಿ, ಪ್ಯಾಡು, ಗುಟ್ಕಾ ಚೀಟಿಗಳ ಮುದ್ದೆ, ಹೊರಬಂದದ್ದನ್ನೆಲ್ಲ ದಂಡೆಯ ಮೇಲೆ ಗುಡ್ಡೆ ಹಾಕುತ್ತಿದ್ದಳು. ಗುಡ್ಡೆಯ ಮೇಲೆ ನೊಣ ಕುದಿಯುತ್ತಿದ್ದವು.

ಕ್ಯಾಮರಾ ಕಂಡದ್ದೇ ಅವಳು ಮುಖ ತಿರುಗಿಸಿದಳು.

“ಆಕಡಿ ಹಿಡಿಯಪ ಅದನ್ನ. ಯಾರರ ನೋಡ್ಯಾರು.”

ಹುಲುಗೇಶ್ ಕ್ಯಾಮರಾ ಕೆಳಗಿಳಿಸಿದ. ಪರದೆಗಳ ಮೇಲೆ ಬರೀ ಮಣ್ಣು ಕಂಡಿತು.

“ಯವ್ವಾ, ಎಲ್ಲಾರೂ ನೋಡಾಕತ್ತಾರ. ನೀ ಬ್ಯಾಡ ಅಂದ್ರ ಈಗ ಬಂದ್ ಮಾಡ್ತೀನಿ.”

“ಎಲ್ಲಾರು ಅಂದ್ರ ಯಾರು?”

“ಕಾಲೇಜ್ ಹುಡುಗ್ರು. ಎಲ್ಲಾ ಊರಾಗ. ಒಳಗ ಕುಂತ ದೊಡ್ಡ ಸಾಹೇಬ್ರೂ.”

ದುರ್ಗಕ್ಕ ಉಸಿರು ಸುಧಾರಿಸಿಕೊಂಡಳು. ಅವಳ ಕಣ್ಣು ಕೆಂಪಾಗಿ ನೀರು ಸುರಿಸುತ್ತಿದ್ದವು. ಅಳುವಲ್ಲ, ಗುಂಡಿಯ ಗಾಳಿ. ಒರೆಸಿಕೊಳ್ಳಲು ಕೈಯಲ್ಲಿ ಚೊಕ್ಕ ಜಾಗವೇ ಉಳಿದಿರಲಿಲ್ಲ.

“ಹುಡುಗ್ರೂ ನೋಡಾಕತ್ತಾರ?”

“ಹೂಂ.”

“ಹಂಗಾರ ಹಿಡಿ. ಮಾರಿ ಕಾಣಂಗ ಹಿಡಿ.”

ಅವಳು ಹಲ್ಲಿನಿಂದ ಕಚ್ಚಿ ಭುಜಕ್ಕೆ ಉಜ್ಜಿ ಮುಖದ ಸೆರಗನ್ನು ಕೆಳಗೆಳೆದುಕೊಂಡಳು.

“ನಾನು ದುರ್ಗಕ್ಕ. ಕಮಲಾಪುರದಾಕಿ. ಹನ್ನೊಂದು ವರ್ಷ ಆತು ಇಲ್ಲಿ ಕಸ ಹೊಡಿಯಾಕತ್ತು. ಕೋಲು ಹಾಕು ಅಂದ್ರು, ಹಾಕಿದೆ. ಕೋಲಿಗೆ ಬರಲಿಲ್ಲ. ಇಳಿ ಅಂದ್ರು. ಒಲ್ಲೆ ಅಂದೆ. ಇಳೀಲಿಲ್ಲಂದ್ರ ನಾಳಿಂದ ನಿನ್ನ ಮಗನ ಕೆಲಸ ಇಲ್ಲ ಅಂದ್ರು. ಇಳದೆ. ಅಂದಾಂವ ಅಗೋ ಅಲ್ಲಿ ಕುಂತಾನ, ಲಿಂಗರಾಜ. ಅಂವಗ ಹೇಳಿದಾಂವ ಬಸವಕುಮಾರ ಸಾಹೇಬ, ಒಳಗ ಪಾಠ ಮಾಡಾಕತ್ತಾನ.”

ಲಿಂಗರಾಜ್ ಎದ್ದು ಬೇವಿನ ಮರದ ಹಿಂದಕ್ಕೆ ಸರಿದ. ದುರ್ಗಕ್ಕ ಕೈಯಲ್ಲಿದ್ದದ್ದನ್ನು ಕ್ಯಾಮರಾದ ಕಡೆ ಎತ್ತಿ ಹಿಡಿದಳು. ಅದು ಬೆರಳ ಸಂದಿಯಿಂದ ತೊಟ್ಟಿಕ್ಕಿತು.

“ನೋಡ್ರಿ. ಯಾರು ಏನು ತಿಂದು ಬಂದೀರಿ ನನಗ ಗೊತ್ತಿಲ್ಲ. ಇಲ್ಲಿಗೆ ಬಂದ ಮ್ಯಾಲ ಎಲ್ಲಾರದೂ ಒಂದ ವಾಸನಿ.”

ಒಳಗೆ ಬಸವಕುಮಾರ್ ಇನ್ನೂ ಓದುತ್ತಿದ್ದರು. ಪ್ರಸಾರ ತೋರಿಸುತ್ತಿದ್ದ ಗೋಡೆಯ ಟೀವಿಯಲ್ಲಿ ತಮ್ಮ ಹೆಸರು ಕೇಳಿಸಿದ ಮೇಲೆ ತಲೆಯೆತ್ತಿದರು. ಎದುರಿಗೆ ಖಾಲಿ ಸ್ಟ್ಯಾಂಡ್ ನಿಂತಿತ್ತು. ಕುಲಪತಿಗಳು ಆಗಲೇ ಎದ್ದು ಟೀವಿ ನೋಡುತ್ತಿದ್ದರು. ಬಸವಕುಮಾರ್ ಕಂಟ್ರೋಲ್ ರೂಮಿಗೆ ಓಡಿದರು.

“ಬಂದ್ ಮಾಡು ಅದನ್ನ.”

ರಮಾ ಒಂದು ಗುಂಡಿ ಒತ್ತಿದ್ದರೆ ಸಾಕಿತ್ತು. ಅವಳು ಎರಡೂ ಕೈ ಮಡಿಲಲ್ಲಿಟ್ಟುಕೊಂಡಳು. “ನನಗ ಬರಂಗಿಲ್ರಿ ಸಾರ್. ಅದೆಲ್ಲ ಹುಲುಗೇಶಣ್ಣಗ ಗೊತ್ತು.”

“ಸೂಳೆಮಗ,” ಎಂದು ಅವರು ಹಿತ್ತಲಿಗೆ ಓಡಿದರು. ಕಾಲರಿನಲ್ಲಿ ಮೈಕ್ ಇದ್ದೇ ಇತ್ತು. ನಲವತ್ತು ಕಾಲೇಜಿಗೂ ಅದು ಕೇಳಿಸಿತು.

ರಮಾ ಮತ್ತೆ ಹೆಡ್‌ಫೋನಿನಲ್ಲಿ ಬಂದಳು. “ಅಣ್ಣ, ಚೋರನೂರಿನ ಒಂದು ಹುಡುಗಿ ಚಾಟಿನಾಗ ಬರದಾಳ, ಗಂಗಾಂಬಿಕಾ ಅಂತ. ಮಾತು ಆಮ್ಯಾಲ, ಮೊದಲು ಆಯಿನ್ನ ಮ್ಯಾಲ ಎತ್ರಿ ಅಂತ.”

ದುರ್ಗಕ್ಕನ ತಲೆ ಒಂದು ಕಡೆಗೆ ವಾಲುತ್ತಿತ್ತು. ಹುಲುಗೇಶ್ ಕ್ಯಾಮರಾವನ್ನು ದಂಡೆಯ ಇಟ್ಟಿಗೆಗಳ ಮೇಲಿಟ್ಟು, ಮೊಣಕಾಲೂರಿ ಬಗ್ಗಿ ಎರಡೂ ಕೈ ಚಾಚಿದ.

“ಮುಟ್ಟಬ್ಯಾಡಪ, ನಿನ್ನ ಅಂಗಿ…”

ಅವನು ಅವಳ ಮೊಣಕೈ ಹಿಡಿದ. ಜಾರಿತು. ಕಂಕುಳಿಗೆ ಕೈ ಕೊಟ್ಟು ಎದೆಗೆ ಅವಚಿಕೊಂಡು ಎಳೆದ. ಅವಳು ಹೊರಗೆ ಬಂದು ದಂಡೆಯ ಮೇಲೆ ಕೂತು, ಬಗ್ಗಿ ವಾಂತಿ ಮಾಡಿಕೊಂಡಳು. ಅವನ ಕೊರಳಿನ ಕಾರ್ಡಿನ ಮೇಲೂ ಮೆತ್ತಿತ್ತು, ಹೆಸರು ಕಾಣುತ್ತಿರಲಿಲ್ಲ. ಅವನು ಅವಳ ಬೆನ್ನು ನೀವುತ್ತ ಕೂತ.

ಬಸವಕುಮಾರ್ ಮೂಲೆ ತಿರುಗಿ ಓಡಿ ಬಂದರು. ಅವರ ಹಿಂದೆ ಕುಲಪತಿಗಳು, ಇಬ್ಬರು ಪ್ರಾಧ್ಯಾಪಕರು, ಜೀಪಿನ ಡ್ರೈವರ್. ಚೇಂಬರಿಗೆ ಹತ್ತು ಹೆಜ್ಜೆ ಇದ್ದಾಗ ನಾತ ಅವರಿಗೆ ಎದುರಾಯಿತು. ಎಲ್ಲರೂ ಒಂದೇ ಗೆರೆಯಲ್ಲಿ ನಿಂತರು. ಕುಲಪತಿಗಳು ಕೊರಳಿನ ಹಾರವನ್ನೇ ಮೂಗಿಗೆ ಒತ್ತಿಕೊಂಡರು.

“ಲಿಂಗರಾಜ, ಹೋಗಿ ಬಂದ್ ಮಾಡಲೇ ಅದನ್ನ,” ಎಂದರು ಬಸವಕುಮಾರ್.

ಲಿಂಗರಾಜ್ ಎರಡು ಹೆಜ್ಜೆ ಇಟ್ಟ. ದಂಡೆಯ ಮೇಲಿನ ಗುಡ್ಡೆಯಿಂದ ನೊಣಗಳು ಒಮ್ಮೆಲೇ ಎದ್ದವು. ಅವನು ಹಿಂದಕ್ಕೆ ಬಂದ. ಡ್ರೈವರ್ ಜೀಪಿನ ಕಡೆ ಹೊರಟುಹೋದ.

ಇಟ್ಟಿಗೆಗಳ ಮೇಲಿನ ಕ್ಯಾಮರಾ ಅವರನ್ನೇ ನೋಡುತ್ತಿತ್ತು. ದುರ್ಗಕ್ಕ ಬಾಯಿ ಒರೆಸಿಕೊಂಡು ತಲೆಯೆತ್ತಿದಳು.

“ಬರ್ರಿ ಸಾರ್,” ಎಂದಳು. “ನನ್ನ ಮಗ ಬಂದ್ ಮಾಡಂಗಿಲ್ಲ. ನೀವ ಬಂದು ಮಾಡ್ರಿ.”

ಯಾರೂ ಬರಲಿಲ್ಲ.