ವೆರ್ನಾ ಮನೆಯ ಕೊಪ್ಪರಿಗೆ

ಕ್ಲೀಟಸನನ್ನು ಮಣ್ಣು ಮಾಡಿದ ಮರುದಿನ ಬೆಳಿಗ್ಗೆ ಗೇಟಿಗೆ ಮೊದಲು ಬಂದವಳು ಮುದುಕಿ ಯುಲಾಲಿ. ಸಮಾಧಾನ ಹೇಳಲು ಬಂದಿರಬೇಕೆಂದು ಅವನ ಹೆಂಡತಿ ಸೊಲಾಂಜ್ ಒಲೆಯ ಮೇಲಿನ ಕೋಕೋ ಇಳಿಸಿ ಹೊರಗೆ ಹೋದಳು. ಯುಲಾಲಿ ಅವಳ ಭುಜದಾಚೆ ಇಣುಕಿದಳು.

"ವೆರ್ನಾ ಬಂದಿದಾಳೇನಮ್ಮಾ?"

"ಇಲ್ಲ."

"ನಮ್ಮನೆ ಮುಂದಿನ ಚರಂಡಿ ಕಟ್ಕೊಂಡಿದೆ. ಶುಕ್ರವಾರ ಅಲ್ವಾ, ಇರ್ತಾಳೆ ಅಂದ್ಕೊಂಡೆ." ಆಮೇಲೆ ನೆನಪಾಯಿತೇನೋ, "ಪಾಪ, ಎಂಥಾ ಮನುಷ್ಯ," ಎಂದು ಶಿಲುಬೆಯ ಗುರುತು ಹಾಕಿಕೊಂಡು ಹೊರಟಳು.

ಶುಕ್ರವಾರವೆಂದರೆ ಕ್ಲೀಟಸ್ ಮನೆಯ ವರಾಂಡದಲ್ಲಿ ಕೂತು ಕ್ಷೇತ್ರದ ಜನರ ಅಹವಾಲು ಕೇಳುತ್ತಿದ್ದ ದಿನ. ಪಕ್ಕದ ಕುರ್ಚಿ ವೆರ್ನಾಳದು. ಅವನ ಮೊದಲ ಚುನಾವಣೆಯಿಂದಲೂ ಅವಳೇ ಏಜೆಂಟು; ಯಾರ ಮಗ ಯಾರ ಮಗಳನ್ನು ಮದುವೆಯಾದ, ಯಾರ ಮನೆಯ ಸೂರು ಯಾವ ಬಿರುಗಾಳಿಗೆ ಹಾರಿತು, ಎಲ್ಲ ಅವಳ ನಾಲಿಗೆಯ ತುದಿಯಲ್ಲಿತ್ತು. ಸೊಲಾಂಜ್ ಒಳಗೆ ಕಾಲೇಜಿನ ಉತ್ತರಪತ್ರಿಕೆ ತಿದ್ದುತ್ತಿದ್ದಳು. ಹೊರಗಿನ ಇಬ್ಬರ ನಗು ಕಿಟಕಿಯಿಂದ ಕೇಳುತ್ತಿತ್ತು. ವೆರ್ನಾ ಚೆಲುವೆಯೇನಲ್ಲ. ಚೆಲುವೆಯಾಗಿದ್ದರೆ ಸುಲಭವಿತ್ತು.

ಕ್ಲೀಟಸ್ ಹೋದಾಗಿನಿಂದ ಸೊಲಾಂಜಳಿಗೆ ಹಸಿವು, ನಿದ್ದೆ, ಅಳು ಒಂದೂ ಹತ್ತಿರ ಸುಳಿದಿರಲಿಲ್ಲ. ಸ್ಮಶಾನದಲ್ಲಿ ಊರವರು ಮೊದಲು ವೆರ್ನಾಳ ಕೈ ಹಿಡಿದು, ಆಮೇಲೆ ತನ್ನ ಕಡೆ ತಿರುಗಿದ್ದು ಮಾತ್ರ ಎದೆಯಲ್ಲಿ ಉರಿಯುತ್ತಿತ್ತು. ಮೈಯೆಲ್ಲ ಮರಗಟ್ಟಿದ್ದರೂ ಆ ಒಂದು ಜಾಗಕ್ಕೆ ಜೀವವಿತ್ತು.

ಬಿಸಿಲೇರುವ ಹೊತ್ತಿಗೆ ಪಕ್ಷದ ಕಾರ್ಯದರ್ಶಿ ಮೋಂದೆಸಿರ್ ರಾಜಧಾನಿಯಿಂದ ಬಂದ. ಕರಿ ಕೋಟು, ಒಳಗೆ ಪಕ್ಷದ ಕಿತ್ತಳೆ ಬಣ್ಣದ ಟೈ. ಕಿತ್ತಳೆಯವರು ಮತ್ತೆ ಅಧಿಕಾರಕ್ಕೆ ಬಂದಿದ್ದರು ನಿಜ, ಆದರೆ ಒಂದೇ ಸೀಟಿನ ಬಹುಮತ. ಪ್ರಧಾನಿ ಇಳಿಯಲಿ ಎಂದು ಅರ್ಧ ಪಕ್ಷ ಕೂಗುತ್ತಿತ್ತು. ಒಳಗಿನಿಂದ ಕಾಲೆಳೆದವನು ಉಪಪ್ರಧಾನಿಯೇ ಎಂದು ಉಳಿದರ್ಧ. ಆ ಜಗಳದ ಸಭೆ ಮುಗಿಸಿ ಬರುವಾಗಲೇ ಕ್ಲೀಟಸನ ಕಾರು ಬೆಟ್ಟದ ತಿರುವಿನಲ್ಲಿ ಉರುಳಿದ್ದು. ಈಗ ಆ ಒಂದು ಸೀಟೂ ಇರಲಿಲ್ಲ.

"ಇಷ್ಟು ಬೇಗ ಬರೋಕೆ ನಂಗೂ ನಾಚಿಕೆ," ಎಂದ ಮೋಂದೆಸಿರ್.

"ನಾಚಿಕೆ ಇದ್ದೋನು ನಾಳೆ ಬರಬಹುದಿತ್ತು." ಅಡುಗೆಮನೆಯಿಂದ ಟಾಂಟಿ ಫಿಲೋ, ಕ್ಲೀಟಸನ ಸೋದರತ್ತೆ.

"ನಾಳೆ ಸರ್ಕಾರ ಇರುತ್ತೋ ಇಲ್ವೋ, ಟಾಂಟಿ."

"ಇಲ್ದಿದ್ರೆ ಸಮುದ್ರ ಬತ್ತಿಹೋಗುತ್ತಾ?"

ಮೋಂದೆಸಿರ್ ಕೇಳಿಸದವನಂತೆ ಕುರ್ಚಿ ಮುಂದಕ್ಕೆಳೆದುಕೊಂಡ. "ಉಪಚುನಾವಣೆಗೆ ನೀವು ನಿಲ್ಬೇಕು ಮೇಡಂ. ಕರಿ ಬಟ್ಟೆ ಹಾಕ್ಕೊಂಡು ಮನೆಮನೆಗೆ ಹೋದ್ರೆ ಸಾಕು. ಮಾತಾಡೋ ಅಗತ್ಯಾನೂ ಇಲ್ಲ."

"ವೆರ್ನಾ ಇದಾಳಲ್ಲ."

"ಇದಾಳೆ. ಜನ ಅವಳನ್ನೇ ಕೇಳ್ತಿದಾರೆ, ಸುಳ್ಳು ಯಾಕೆ ಹೇಳಲಿ. ಆದ್ರೆ ಅವಳು ಉಪಪ್ರಧಾನಿ ಕಡೆಯವಳು. ಅವಳು ಒಳಗೆ ಬಂದ್ರೆ ನಮ್ಮ ಪ್ರಧಾನಿಗಳು ವಾರದಲ್ಲಿ ಹೊರಗೆ." ದನಿ ತಗ್ಗಿಸಿದ. "ನೀವು ನಿಂತ್ರೆ ಅವಳು ಯಾವ ಮುಖ ಇಟ್ಕೊಂಡು ಎದುರು ನಿಲ್ತಾಳೆ?"

"ಸಂಜೆ ಹೇಳ್ತೀನಿ," ಎಂದಳು ಸೊಲಾಂಜ್. ಉತ್ತರ ಆಗಲೇ ಸಿದ್ಧವಿತ್ತು. ಅವನು ಹೋದ ಮೇಲೆ ಬೇಯಿಸಿದ ಬಾಳೆಕಾಯಿ, ಉಪ್ಪುಮೀನು ಹಾಕಿಸಿಕೊಂಡು ಎರಡು ಸಲ ಉಂಡಳು.

ಟಾಂಟಿ ಫಿಲೋ ಅವಳು ಉಣ್ಣುವುದನ್ನೇ ನೋಡುತ್ತಿದ್ದಳು.

"ಕಿತ್ತಳೆ ಬಟ್ಟೆ ಹೊಲಿಸೋ ಮೊದಲು ಹಿತ್ತಲಲ್ಲಿರೋ ಕೊಪ್ಪರಿಗೆ ಕಳಿಸು. ಸತ್ತೋನು ಎರವಲು ತಂದದ್ದು ಒಂಬತ್ತನೇ ರಾತ್ರಿ ಪ್ರಾರ್ಥನೆಗೆ ಮೊದಲು ಅವರ ಮನೆ ಸೇರ್ಬೇಕು."

ಮತದಾನದ ದಿನ ಅಭ್ಯರ್ಥಿ ತನ್ನ ಪಾತ್ರೆಯಲ್ಲಿ ಬೇಯಿಸಿ ಕಾರ್ಯಕರ್ತರಿಗೆ ಬಡಿಸುವಂತಿಲ್ಲ. ಆ ಕರಾವಳಿಯಲ್ಲಿ ಹಾಗೆ ರೂಢಿ. ಓಟು ತರುವವರ ಮನೆಯಿಂದ ಕೊಪ್ಪರಿಗೆ ಕೇಳಿ ತರಬೇಕು. ಗೆದ್ದ ಮೇಲೆ ಅದರ ತುಂಬ ಮಾಂಸದ ಸಾರು ಮಾಡಿ ಮೆರವಣಿಗೆಯಲ್ಲಿ ಹಿಂದಿರುಗಿಸಬೇಕು. ಈ ಸಲ ಕ್ಲೀಟಸ್ ಗೆದ್ದದ್ದು ಕೂದಲೆಳೆಯಷ್ಟರಲ್ಲಿ. ಮೆರವಣಿಗೆಗೆ ಮುಖವಿಲ್ಲದೆ ಕೊಪ್ಪರಿಗೆ ಹಲಸಿನಂಥ ಕಾಯಿಗಳ ಬ್ರೆಡ್‌ಫ್ರೂಟ್ ಮರದಡಿ ಹಾಗೇ ಬೋರಲು ಬಿದ್ದಿತ್ತು. ಅದು ವೆರ್ನಾಳ ತಾಯಿಯದು.

"ಯಾರ ಕೈಲಾದ್ರೂ ಕಳಿಸ್ತೀನಿ ಬಿಡು," ಎಂದಳು ಟಾಂಟಿ. "ತುಂಬ ಏನಾದ್ರೂ ಬೇಯಿಸಿ ಹಾಕೋಣ. ಖಾಲಿ ಕಳಿಸಬಾರ್ದು."

"ನಾನೇ ಹೋಗ್ತೀನಿ. ಖಾಲಿನೇ ಹೋಗ್ಲಿ."

ತಾನು ನಿಲ್ಲುವ ಸುದ್ದಿ ಕೇಳಿದಾಗ ವೆರ್ನಾಳ ಮುಖ ಹೇಗಾಗುತ್ತದೆಂದು ನೋಡುವ ಅವಕಾಶವನ್ನು ಬೇರೆ ಯಾರಿಗೂ ಬಿಟ್ಟುಕೊಡಲು ಅವಳಿಗೆ ಮನಸ್ಸಿರಲಿಲ್ಲ.

ತಳ್ಳುಗಾಡಿಯಲ್ಲಿ ಕಬ್ಬಿಣದ ಕೊಪ್ಪರಿಗೆ ಊರಿಗೆಲ್ಲ ಕೇಳುವಂತೆ ಗಡಗಡ ಅನ್ನುತ್ತ ಸಾಗಿತು. ರಮ್ಮಿನ ಅಂಗಡಿಯ ಮೆಟ್ಟಿಲ ಮೇಲೆ ಕೂತವರು ಡಾಮಿನೋ ಆಟ ನಿಲ್ಲಿಸಿದರು.

"ಖಾಲಿ ಕಣ್ರೋ," ಎಂದ ಒಬ್ಬ.

"ಇವರ ಬಹುಮತದ ಹಾಗೇ."

"ಥೂ, ಸುಮ್ನಿರು. ನಿನ್ನೆ ತಾನೆ ಮಣ್ಣು ಮಾಡಿದಾರೆ."

ವೆರ್ನಾಳ ತಾಯಿ ಅಂಗಳದಲ್ಲಿ ಮರಗೆಣಸು ತುರಿಯುತ್ತಿದ್ದಳು. ಎದ್ದು ಬಂದು ಕೊಪ್ಪರಿಗೆಯೊಳಗೆ ಇಣುಕಿ, ಸೊಲಾಂಜಳ ಮುಖ ನೋಡಿದಳು.

"ವೆರ್ನಾ, ಬಾ ಹೊರಗೆ. ಜಗಳಕ್ಕೆ ಬಂದಿದಾರೆ."

ವೆರ್ನಾ ಬಾಗಿಲಿಗೆ ಬಂದಳು. ಕಣ್ಣು ಊದಿತ್ತು. ಮೈಮೇಲೆ ಪ್ರಚಾರದ ಹಳೇ ಅಂಗಿ, ಎದೆಯ ಮೇಲೆ ಕ್ಲೀಟಸನ ನಗುಮುಖ. ಅಂಥ ಅಂಗಿ ಸೊಲಾಂಜಳ ಮನೆಯಲ್ಲಿ ಒಂದೂ ಇರಲಿಲ್ಲ.

"ಮೋಂದೆಸಿರ್ ಬಂದಿದ್ದ. ನನ್ನನ್ನ ನಿಲ್ಲು ಅಂದ," ಎಂದಳು ಸೊಲಾಂಜ್.

"ಗೊತ್ತು. ನಿಲ್ಲು. ಗೆಲ್ತೀಯ."

ಅವಳ ಮುಖದಲ್ಲಿ ಏನೂ ಆಗಲಿಲ್ಲ.

"ನಿನಗೆ ಹೊಟ್ಟೆ ಉರಿಯಲ್ವಾ?"

"ಉರಿಯುತ್ತೆ. ಅದಕ್ಕೆ? ಉರ್ಕೊಂಡೇ ಗೆಲ್ಲಿಸ್ತೀನಿ. ಅವನ ಸೀಟು ಆ ಹಸಿರು ಪಕ್ಷದವರಿಗೆ ಹೋಗೋದು ನೋಡಕ್ಕಾಗಲ್ಲ."

"ಊರೆಲ್ಲ ನಿನ್ನ ಕೈ ಹಿಡಿದು ಅತ್ತರಲ್ಲ ನಿನ್ನೆ. ನೀನೇ ಅವನ ಹೆಂಡತಿ ಅನ್ನೋ ಹಾಗೆ."

ವೆರ್ನಾ ಅವಳನ್ನೇ ದಿಟ್ಟಿಸಿದಳು. "ಅತ್ತರಾ? ಒಬ್ಬ ತನ್ನ ಮಗನಿಗೆ ಬಂದರಿನಲ್ಲಿ ಕೆಲಸ ಕೇಳಿದ. ಒಬ್ಬಳು ಸೂರಿನ ತಗಡು. ಕೈ ಬಿಡ್ತಾನೇ ಇಲ್ಲ, ಇನ್ಮುಂದೆ ಯಾರಮ್ಮಾ ಅಂತ. ಅಳೋಕೆ ನಿನ್ನ ಹತ್ರ ಬಂದ್ರು. ನನಗೆ ಒಬ್ಬರೂ 'ಪಾಪ' ಅನ್ನಲಿಲ್ಲ."

ತಾಯಿ ಮತ್ತೆ ತುರಿಯಲು ಕೂತಳು.

"ಸೋಮವಾರ ಶುರು ಮಾಡೋಣ," ವೆರ್ನಾ ಮುಂದುವರಿಸಿದಳು. "ಮೊದಲು ಮೇಲಿನ ಕೇರಿ. ಅಲ್ಲಿ ಬೆಸಿಲ್ ಮನೆಯಲ್ಲಿ ಕೂರ್ಲೇಬೇಕು, ಕ್ಲೀಟಸ್‌ಗೆ ಅವರ ಶುಂಠಿ ಬಿಯರ್ ಅಂದ್ರೆ ಪ್ರಾಣ. ಆಮೇಲೆ ನದಿ ದಾಟಿ. ಅಲ್ಲಿ ಒಂದ್ಸಲ ಕೆಸರಲ್ಲಿ ಜಾರಿ ಬಿದ್ದ, ಇಡೀ ಓಣಿಗೆ ಆ ಕಥೆ ಗೊತ್ತು, ಹೇಳ್ತಾರೆ ನಿಂಗೆ."

ಆ ಕಥೆ ಸೊಲಾಂಜಳಿಗೆ ಗೊತ್ತಿರಲಿಲ್ಲ. ಶುಂಠಿ ಬಿಯರೂ ಗೊತ್ತಿರಲಿಲ್ಲ. ಮನೆಯಲ್ಲಿ ಅವನು ಅದನ್ನು ಬಾಯಿಗಿಟ್ಟವನಲ್ಲ. ಒಂದೊಂದು ಬಾಗಿಲಲ್ಲೂ ಒಂದೊಂದು ಕ್ಲೀಟಸ್ ಕೂತಿರುತ್ತಾನೆ, ಪಕ್ಕದಲ್ಲಿ ವೆರ್ನಾ. ತಾನು ಕರಿ ಬಟ್ಟೆಯುಟ್ಟು ಬಾಗಿಲು ಬಾಗಿಲಿಗೆ ಹೋಗಿ ಅವರಿಬ್ಬರನ್ನು ನೋಡಿ ಬರಬೇಕು. ವೆರ್ನಾಳನ್ನು ಹೊರಗಿಡಲು ಹೊರಟವಳು ಜೀವಮಾನವಿಡೀ ಅವಳ ಬೆನ್ನ ಹಿಂದೆ ನಡೆಯಬೇಕು.

"ನಾನು ನಿಲ್ಲಲ್ಲ," ಎಂದಳು.

"ಯೋಚನೆ ಮಾಡು."

"ಮಾಡಿದೆ. ಮೋಂದೆಸಿರ್‌ಗೆ ಹೇಳ್ತೀನಿ. ನೀನು ನಿಲ್ತೀಯೋ ಬಿಡ್ತೀಯೋ, ನಿಮ್ಮ ಪಕ್ಷ ನಿಮ್ಮ ಜಗಳ. ಶುಕ್ರವಾರ ಮಾತ್ರ ಇಲ್ಲೇ ಮಾಡ್ಕೋ. ನನ್ನ ವರಾಂಡಕ್ಕೆ ಬರಬೇಡ. ಅವನು ಆ ಮನೆಯಲ್ಲಿ ಹೇಗಿದ್ದ ಅಂತ ನನ್ನ ಕೇಳಬೇಡ, ಹೇಳಲ್ಲ."

ವೆರ್ನಾಳ ಮುಖ ಆಗ ಬದಲಾಯಿತು. ಸೊಲಾಂಜ್ ನೋಡಬೇಕೆಂದು ಬಂದ ಮುಖ ಅದೇ. ನೋಡಿದಳು, ಅಂದುಕೊಂಡಷ್ಟು ಹಿತವಾಗಲಿಲ್ಲ, ಆದರೂ ಕಣ್ಣು ತೆಗೆಯಲಿಲ್ಲ.

"ಭಾರ ಇದೆ, ಹಿಡಿ," ಎಂದಳು.

ಇಬ್ಬರೂ ಒಂದೊಂದು ಕಿವಿ ಹಿಡಿದು ಕೊಪ್ಪರಿಗೆಯನ್ನು ಗಾಡಿಯಿಂದೆತ್ತಿ ಒಲೆಗಲ್ಲುಗಳ ಮೇಲಿಟ್ಟರು. ತಾಯಿ ಬಂದು ಬೆರಳ ಗೆಣ್ಣಿನಿಂದ ತಟ್ಟಿ, ಬಿರುಕು ಬಿಟ್ಟಿಲ್ಲವೆಂದು ತಲೆಯಾಡಿಸಿದಳು. ವೆರ್ನಾ ಕೈ ತೆಗೆದಳು. ಸೊಲಾಂಜ್ ಇನ್ನೊಂದು ಗಳಿಗೆ ಹಿಡಿದಿದ್ದು, ಆಮೇಲೆ ಬಿಟ್ಟಳು.